ಈಜೆಬೆಲ್ ರಾಣಿ ಮತ್ತು ನಾಬೋತನ ದ್ರಾಕ್ಷಿತೋಟ

ಬೈಬಲಿನ ಸ್ತ್ರೀಯರಲ್ಲಿ ಈಜೆಬೆಲಳಷ್ಟು ಕೆಟ್ಟ ಹೆಸರು ಪಡೆದವರು ಕಡಿಮೆ. ಹೆಣ್ಣೊಬ್ಬಳು ತುಸು ಹೆಚ್ಚು ಶೃಂಗಾರ ಮಾಡಿಕೊಂಡರೆ ಸಾಕು, ಆ ಹೆಸರನ್ನೇ ಅಂಟಿಸುವವರಿದ್ದಾರೆ. ಅರಸುಗಳ ಎರಡು ಗ್ರಂಥಗಳನ್ನು ನಿಧಾನವಾಗಿ ಓದಿದರೆ ಅವಳ ಅಪರಾಧ ಬೇರೆಯೇ ಎಂದು ನಮಗೆ ತಿಳಿಯುತ್ತದೆ.

ಸಿದೋನ್ಯರ ಅರಸ ಎತ್ಬಾಳನ ಮಗಳಾದ ಈಕೆ, ಕ್ರಿ.ಪೂ. 9ನೇ ಶತಮಾನದಲ್ಲಿ ಇಸ್ರಯೇಲನ್ನು 22 ವರ್ಷ ಆಳಿದ ಅಹಾಬನನ್ನು ಮದುವೆಯಾಗಿ ಸಮಾರಿಯಕ್ಕೆ ಬಂದಳು. ತವರಿನ ಬಾಳ್ ದೇವತೆಯ ಪೂಜೆಯೂ ಜೊತೆಗೆ ಬಂತು. ಬಾಳನ 450 ಹಾಗೂ ಅಶೇರಳ 400 ಪ್ರವಾದಿಗಳಿಗೆ ಅವಳ ಪಂಕ್ತಿಯಲ್ಲೇ ಊಟ. ಸರ್ವೇಶ್ವರನ ಪ್ರವಾದಿಗಳನ್ನಾದರೋ ಕೊಲ್ಲಿಸಿದಳು. ಅರಮನೆಯ ಅಧಿಕಾರಿ ಓಬದ್ಯನು 100 ಮಂದಿಯನ್ನು ಗುಹೆಗಳಲ್ಲಿ ಅಡಗಿಸಿ ಉಳಿಸಿದ. ಕರ್ಮೆಲ್ ಬೆಟ್ಟದ ಘಟನೆ ಎಲ್ಲರಿಗೂ ಗೊತ್ತು. ಅದಾದ ಮೇಲೆ ಎಲೀಯನಂಥ ಎಲೀಯನೇ ಅವಳ ಬೆದರಿಕೆಗೆ ಅಂಜಿ ಮರಳುಗಾಡಿಗೆ ಓಡಿದ.

ಜೆಸ್ರೀಲಿನ ಅರಮನೆಗೆ ತಾಗಿ ನಾಬೋತನೆಂಬವನ ದ್ರಾಕ್ಷಿತೋಟವಿತ್ತು. ಅಲ್ಲಿ ತರಕಾರಿ ಬೆಳೆಸಬೇಕೆಂದು ಅಹಾಬನ ಆಸೆ. ಬೇರೆ ತೋಟವನ್ನೋ ಹಣವನ್ನೋ ಕೊಡುತ್ತೇನೆಂದರೂ ನಾಬೋತ ಒಪ್ಪಲಿಲ್ಲ. ಅದು ಪಿತ್ರಾರ್ಜಿತ, ಭೂಮಿ ದೇವರದು, ಶಾಶ್ವತವಾಗಿ ಮಾರುವಂತಿಲ್ಲ ಎಂಬುದು ಇಸ್ರಯೇಲಿನ ಧರ್ಮಶಾಸ್ತ್ರ. ಅರಸನೋ ಹಟದ ಮಗುವಿನಂತೆ ಊಟ ಬಿಟ್ಟು ಗೋಡೆಗೆ ಮುಖಮಾಡಿ ಮಲಗಿದ!

ಕೆಲಸ ಮುಗಿಸಿದವಳು ರಾಣಿ. ಗಂಡನ ಹೆಸರಿನಲ್ಲಿ ಪತ್ರ ಬರೆದು, ಅವನ ಮುದ್ರೆಯನ್ನೇ ಒತ್ತಿ ಊರ ಹಿರಿಯರಿಗೆ ಕಳುಹಿಸಿದಳು. ಉಪವಾಸ ಸಾರಬೇಕು, ಸಭೆ ಸೇರಿಸಬೇಕು, ನಾಬೋತನು ದೇವರನ್ನೂ ಅರಸನನ್ನೂ ಶಪಿಸಿದನೆಂದು ಇಬ್ಬರು ಸಾಕ್ಷಿ ಹೇಳಬೇಕು. ಗಮನಿಸಿ, ಹೊರನೋಟಕ್ಕೆ ಎಲ್ಲವೂ ಶಾಸ್ತ್ರದ ಪ್ರಕಾರವೇ. ಹಿರಿಯರಲ್ಲಿ ಒಬ್ಬನಾದರೂ ಬೇಡವೆಂದನೆಂದು ಗ್ರಂಥ ಹೇಳುವುದಿಲ್ಲ. ನಾಬೋತನನ್ನು ಊರ ಹೊರಗೆ ಕಲ್ಲೆಸೆದು ಕೊಂದರು. ಅವನ ಮಕ್ಕಳ ರಕ್ತದ ಪ್ರಸ್ತಾಪವೂ ಎರಡನೆಯ ಗ್ರಂಥದಲ್ಲಿದೆ. ತೋಟವನ್ನು ವಶಪಡಿಸಿಕೊಳ್ಳಲು ಹೋದ ಅಹಾಬನಿಗೆ ಅಲ್ಲಿ ಎದುರಾದವನು ಎಲೀಯ. ಈಜೆಬೆಲಳು ಜೆಸ್ರೀಲಿನಲ್ಲೇ ನಾಯಿಗಳ ಪಾಲಾಗುವಳೆಂದು ಆಗಲೇ ನುಡಿದ.

ಅಹಾಬ ಯುದ್ಧದಲ್ಲಿ ಸತ್ತ ಮೇಲೂ ಅವಳು ಹತ್ತು ವರ್ಷಕ್ಕೂ ಹೆಚ್ಚು ಬದುಕಿದ್ದಳು. ಕ್ರಿ.ಪೂ. 841ರ ಸುಮಾರಿಗೆ ಸೇನಾಪತಿ ಯೇಹು ದಂಗೆಯೆದ್ದು ಅವಳ ಮಗನನ್ನು ಕೊಂದು ಜೆಸ್ರೀಲಿಗೆ ಬಂದ. ಅವಳ ವ್ಯಭಿಚಾರದ ಮಾತು ಬರುವುದು ಇವನ ಬಾಯಲ್ಲೇ; ಅದು ವಿಗ್ರಹಾರಾಧನೆಯನ್ನು ಕುರಿತದ್ದೆಂದು ಸಾಮಾನ್ಯವಾಗಿ ತಿಳಿಯಲಾಗುತ್ತದೆ. ಅವಳು ಕಣ್ಣಿಗೆ ಕಾಡಿಗೆ ಹಚ್ಚಿ, ತಲೆ ಸಿಂಗರಿಸಿ ಕಿಟಕಿಯಲ್ಲಿ ನಿಂತಳು. ಮಗನ ಕೊಲೆಗಾರನನ್ನು ಮೋಹಿಸಲು ಹಾಗೆ ಮಾಡಿದಳೆಂದು ನಮಗೆ ತೋರುವುದಿಲ್ಲ. ಒಡೆಯನನ್ನು ಕೊಂದು ಏಳೇ ದಿನ ಆಳಿದ ಜಿಮ್ರಿಯ ಹೆಸರಿನಿಂದ ಅವನನ್ನು ಹಂಗಿಸಿದಳು. ಅವಳ ಸೇವಕರೇ ಅವಳನ್ನು ಕೆಳಕ್ಕೆ ತಳ್ಳಿದರು.

ಯೇಹು ಒಳಗೆ ಹೋಗಿ ಉಂಡು ಕುಡಿದ. ಆಮೇಲೆ, ಎಷ್ಟಾದರೂ ರಾಜಪುತ್ರಿ, ಹೂಳಿಬಿಡಿ ಎಂದು ಆಳುಗಳನ್ನು ಕಳುಹಿಸಿದ. ಅಷ್ಟರಲ್ಲಿ ತಲೆಬುರುಡೆ, ಪಾದಗಳು, ಅಂಗೈಗಳು ಮಾತ್ರ ಉಳಿದಿದ್ದವು.