ಪತಿವಿಯೋಗದಿಂದ ಕಾಯಕ ಮುಗಿಯದು



ಕಮಲಾಪುರದ ಸುತ್ತಲಿನ ಹಳ್ಳಿಗಳಿಂದ ಜಡ್ಡಾದ ಪತಿಯನ್ನು ಕರೆದುಕೊಂಡು ಕಲಬುರಗಿಯ ದವಾಖಾನೆಗಳಿಗೆ ಎಡತಾಕುವ ತಾಯಂದಿರನ್ನು ನಾವು ಕಾಣುತ್ತೇವೆ. ಔಷಧದ ವೇಳೆ, ಗಂಜಿಯ ವೇಳೆ, ಮಗ್ಗುಲು ಹೊರಳಿಸುವ ವೇಳೆ, ಇಷ್ಟರಲ್ಲಿಯೇ ಅವರ ವರುಷಗಳು ಸವೆಯುತ್ತವೆ. ಒಂದು ದಿನ ಆ ಜೀವ ಲಿಂಗೈಕ್ಯವಾಗುತ್ತದೆ. ಬಂಧುಗಳು ಬಂದು ಹೋಗುತ್ತಾರೆ. ಆ ಮೇಲೆ ಆ ತಾಯಿಗೆ ಕೈಯೂ ಬರಿದು, ಹೊತ್ತೂ ಬರಿದು. ಪತಿಯ ನರಳಾಟ ನಿಂತಿತೆಂಬ ಸಮಾಧಾನ ಒಂದು ಕಡೆ; ಹಾಗೆ ಅನಿಸಿತಲ್ಲಾ ಎಂಬ ಅಳುಕು ಇನ್ನೊಂದು ಕಡೆ. ಇಂಥ ತಾಯಂದಿರ ಸಲುವಾಗಿ ಇಂದು ಕಿತ್ತೂರು ರಾಣಿ ಚೆನ್ನಮ್ಮಾಜಿಯವರ ಬಾಳನ್ನು ನೆನೆಯೋಣ. ಆಕೆಯ ಖಡ್ಗವನ್ನು ಎಲ್ಲರೂ ಬಲ್ಲರು. ಆಕೆಯ ದುಃಖವನ್ನು ಬಲ್ಲವರು ಕಡಿಮೆ.

ಚೆನ್ನಮ್ಮ ಬೆಳಗಾವಿ ಹತ್ತಿರದ ಕಾಕತಿಯಲ್ಲಿ 1778ರಲ್ಲಿ ಜನಿಸಿದರು. ಕಿತ್ತೂರಿನ ಅರಸ ಮಲ್ಲಸರ್ಜ ದೇಸಾಯಿಯವರ ಕೈಹಿಡಿದು, ಹಿರಿಯ ರಾಣಿ ರುದ್ರಮ್ಮನವರಿದ್ದ ಅರಮನೆಗೆ ಸೊಸೆಯಾಗಿ ಬಂದರು. ಮುಂದೆ ಪುಣೆಯ ಪೇಶ್ವೆ ಎರಡನೆಯ ಬಾಜೀರಾಯನು ಮಲ್ಲಸರ್ಜರನ್ನು ಸುಮಾರು ಮೂರು ವರುಷ ಸೆರೆಯಲ್ಲಿಟ್ಟನು. ಆ ಸೆರೆವಾಸದಲ್ಲಿ ಅವರ ದೇಹ ಜರ್ಜರಿತವಾಯಿತು. ರೋಗಿಯ ತಲೆದಿಂಬಿನ ಬಳಿ ಕೂತು ನೀರು ಕೊಡುವ ಭಾಗ್ಯವೂ ಆ ದಿನಗಳಲ್ಲಿ ಪತ್ನಿಗೆ ದೊರೆಯಲಿಲ್ಲ. ಬಿಡುಗಡೆಯಾದರೂ ಆರೋಗ್ಯ ಮರಳಲಿಲ್ಲ. 1816ರಲ್ಲಿ ಮಲ್ಲಸರ್ಜರು ಲಿಂಗೈಕ್ಯರಾದರು. ಆಗ ನಮ್ಮ ಕಲಬುರಗಿ ಸೀಮೆ ನಿಜಾಮರ ಆಳ್ವಿಕೆಯಲ್ಲಿತ್ತು. ಮಹಾದಾಸೋಹಿ ಶರಣಬಸವೇಶ್ವರರು ಇನ್ನೂ ದೇಹಧಾರಿಗಳಾಗಿದ್ದ ಕಾಲವದು.

ಚೆನ್ನಮ್ಮ ಮೂಲೆ ಹಿಡಿಯಲಿಲ್ಲ. ರುದ್ರಮ್ಮನವರ ಮಗ ಶಿವಲಿಂಗರುದ್ರಸರ್ಜರು ಪಟ್ಟಕ್ಕೆ ಬಂದಾಗ ಅವರ ಬೆನ್ನಿಗೆ ನಿಂತು ರಾಜ್ಯದ ಹೊಣೆಯನ್ನು ಹಂಚಿಕೊಂಡರು. ಆದರೆ ಆ ಮನೆಯನ್ನು ರೋಗ ಮತ್ತೊಮ್ಮೆ ಹೊಕ್ಕಿತು. ಮಕ್ಕಳಿಲ್ಲದ ಶಿವಲಿಂಗರುದ್ರಸರ್ಜರು ಹಾಸಿಗೆ ಹಿಡಿದು, ದತ್ತಕ ಮಾಡಿಕೊಂಡು, 1824ರ ಸೆಪ್ಟೆಂಬರಿನಲ್ಲಿ ತೀರಿಕೊಂಡರು. ಎಂಟು ವರುಷಗಳಲ್ಲಿ ಒಂದೇ ಮನೆಯಲ್ಲಿ ಅತ್ತೆಗೂ ವೈಧವ್ಯ, ಸೊಸೆ ವೀರಮ್ಮನಿಗೂ ವೈಧವ್ಯ. ಧಾರವಾಡದ ಕಲೆಕ್ಟರ್ ಥ್ಯಾಕರೆ ದತ್ತಕವನ್ನು ಒಪ್ಪದೆ, ಕಿತ್ತೂರಿನ ಖಜಾನೆಗೆ ಕಾವಲು ಹಾಕಿಸಿದನು. ಗಂಡಸರಿಲ್ಲದ ಮನೆ ಸುಲಭವಾಗಿ ಬಾಗುವುದೆಂದು ಅವನು ಬಗೆದಿರಬೇಕು.

ಆ ಮನೆ ಬಾಗಲಿಲ್ಲ. 1824ರ ಅಕ್ಟೋಬರ್ 23ರಂದು ಕೋಟೆಯ ಬಾಗಿಲು ತೆರೆದು ಕಿತ್ತೂರಿನ ಪಡೆ ಹೊರಬಿತ್ತು, ಥ್ಯಾಕರೆ ಹತನಾದನು. ಸೆರೆಸಿಕ್ಕ ಇಂಗ್ಲಿಷ್ ಅಧಿಕಾರಿಗಳಿಗೆ ಜೀವಭಯವಿಲ್ಲದಂತೆ ರಾಣಿ ನೋಡಿಕೊಂಡರು. ಪತಿಯ ಸೆರೆಯ ನೋವು ಕಂಡ ಮನಸ್ಸು ಪರರ ಸೆರೆಯಲ್ಲಿ ಕ್ರೂರವಾಗಲಿಲ್ಲವೆಂದು ನಾವು ತಿಳಿಯುತ್ತೇವೆ. ಡಿಸೆಂಬರಿನಲ್ಲಿ ದೊಡ್ಡ ಸೇನೆ ಬಂದು ಕೋಟೆ ಬಿತ್ತು. ಚೆನ್ನಮ್ಮ ಬೈಲಹೊಂಗಲದಲ್ಲಿ ಸೆರೆಯಾಳಾಗಿದ್ದು, 1829ರ ಫೆಬ್ರವರಿಯಲ್ಲಿ ಶಿವಸಾಯುಜ್ಯ ಹೊಂದಿದರು. ಅವರ ಸಮಾಧಿ ಅಲ್ಲಿಯೇ ಇದೆ.

ಭಕ್ತರೇ, ಆಕೆ ಗೆದ್ದರೋ ಸೋತರೋ ಎಂಬುದು ಇಲ್ಲಿ ಮುಖ್ಯವಲ್ಲ. ಪತಿ ಹೋದ ಮೇಲೆ ಹದಿಮೂರು ವರುಷ ಆಕೆ ಬದುಕಿದರು. ಜನ ಆಕೆಯನ್ನು ನಂಬಿದರು. ಅಂದು ಕಿತ್ತೂರಿನ ಹಿರಿಯರು ಆಕೆಯನ್ನು ಅಪಶಕುನವೆಂದು ಒಳಮನೆಯಲ್ಲಿ ಕೂಡ್ರಿಸಿದ್ದರೆ ಈ ಚರಿತ್ರೆಯೇ ಇರುತ್ತಿರಲಿಲ್ಲ. ವೀರಶೈವ ಧರ್ಮದಲ್ಲಿ ಹೆಣ್ಣಿಗೂ ಲಿಂಗದೀಕ್ಷೆ ಉಂಟು. ಪತಿ ಅಗಲಿದನೆಂದು ಕೊರಳಿನ ಇಷ್ಟಲಿಂಗ ಅಗಲುವುದಿಲ್ಲ, ಹಣೆಯ ವಿಭೂತಿ ಅಳಿಯುವುದಿಲ್ಲ. ಲಿಂಗವಿದ್ದ ದೇಹಕ್ಕೆ ಅಮಂಗಲವೆಲ್ಲಿಯದು?

ಊರ ಹಿರಿಯರಲ್ಲಿ ನಮ್ಮ ಮಾತು ಇಷ್ಟೇ. ವರುಷಗಟ್ಟಲೆ ಪತಿಯ ಸೇವೆ ಮಾಡಿ ದಣಿದ ತಾಯಿ ಮೊದಲು ನಾಲ್ಕು ದಿನ ಮಲಗಲಿ, ಅಳಲಿ, ಯಾರೂ ಅವಸರಿಸಬೇಡಿರಿ. ಬಳಿಕ ಮದುವೆ ಮುಂಜಿಗಳಲ್ಲಿ ಆಕೆಯನ್ನು ಮುಂದೆ ಕರೆಯಿರಿ. ಹೊಲದಲ್ಲಿ ಏನು ಬಿತ್ತಬೇಕೆಂದು ಆಕೆಯನ್ನೇ ಕೇಳಿರಿ. ಕಮಲಾಪುರ ಈಗ ತಾಲೂಕು ಕೇಂದ್ರ. ತಹಶೀಲ ಕಚೇರಿಗೆ ಜೊತೆಗೆ ಹೋಗಿ ಪಹಣಿಯಲ್ಲಿ ಆಕೆಯ ಹೆಸರು ಸೇರುವಂತೆ ನೆರವಾಗಿರಿ. ಪತಿಸೇವೆ ಒಂದು ಕಾಯಕ, ಅದು ಮುಗಿಯಿತು. ಆಕೆಯ ಪಾಲಿನ ಉಳಿದ ಕಾಯಕವನ್ನು ಆಕೆಯ ಕೈಯಿಂದ ಕಸಿದುಕೊಳ್ಳದಿರುವುದೇ ನಾವೆಲ್ಲ ಮಾಡಬಹುದಾದ ಶಿವಪೂಜೆ.