ಕನ್ನಡಿಯ ಮುಂದೆ ಕಲಿತ ಪಾಠ: ಎಫ್. ಎಂ. ಅಲೆಕ್ಸಾಂಡರ್ ಅವರ ಜೀವನ

ಅಭ್ಯಾಸ ಬೋಧನೆಗೆಂದು ಶಾಲೆಗೆ ಹೋದ ಪ್ರಶಿಕ್ಷಣಾರ್ಥಿಗಳಲ್ಲಿ ಹಲವರಿಗೆ ಎರಡನೆಯ ವಾರದ ಹೊತ್ತಿಗೆ ಗಂಟಲು ಕಟ್ಟುತ್ತದೆ. ಉಪ್ಪುನೀರು ಮುಕ್ಕಳಿಸಿ, ಶುಂಠಿ ಕಷಾಯ ಕುಡಿದು, ಭಾನುವಾರವಿಡೀ ಮಾತು ಕಡಿಮೆ ಮಾಡಿದರೆ ಧ್ವನಿ ಮರಳುತ್ತದೆ. ಸೋಮವಾರ ಮೂರನೆಯ ಅವಧಿಗೆ ಮತ್ತೆ ಕಟ್ಟುತ್ತದೆ. ಈ ವೃತ್ತಿಯಲ್ಲಿ ಇದೆಲ್ಲ ಸಹಜ ಎಂದು ನಾವು ಸುಮ್ಮನಾಗುತ್ತೇವೆ. ಸುಮಾರು 130 ವರ್ಷಗಳ ಹಿಂದೆ ಆಸ್ಟ್ರೇಲಿಯದಲ್ಲಿ ಇದೇ ತೊಂದರೆಗೆ ಸಿಕ್ಕಿದ ಒಬ್ಬ ಯುವಕ ಸುಮ್ಮನಾಗಲಿಲ್ಲ. ಆತನ ಹುಡುಕಾಟವೇ ಮುಂದೆ ಅಲೆಕ್ಸಾಂಡರ್ ತಂತ್ರ ಎಂಬ ಹೆಸರಿನಲ್ಲಿ ಪ್ರಸಿದ್ಧವಾಯಿತು.

ಫ್ರೆಡರಿಕ್ ಮಥಾಯಸ್ ಅಲೆಕ್ಸಾಂಡರ್ ಹುಟ್ಟಿದ್ದು 1869ರ ಜನವರಿ 20ರಂದು, ಟಾಸ್ಮೇನಿಯ ದ್ವೀಪದ ವಿನ್ಯಾರ್ಡ್ ಎಂಬ ಊರಿನ ಬಳಿ. ದೊಡ್ಡ ಕುಟುಂಬದ ಹಿರಿಯ ಮಗ. ದಿನ ತುಂಬುವ ಮೊದಲೇ ಹುಟ್ಟಿದ ಈ ಮಗುವಿಗೆ ಬಾಲ್ಯದುದ್ದಕ್ಕೂ ಉಸಿರಾಟದ ಕಾಯಿಲೆ ಕಾಡಿತು. ತರಗತಿಯಲ್ಲಿ ಹೊಂದಿಕೊಂಡು ಕುಳಿತುಕೊಳ್ಳುವ ಸ್ವಭಾವವೂ ಇರಲಿಲ್ಲ. ಊರಿನ ಶಾಲಾ ಶಿಕ್ಷಕರು ಆತನನ್ನು ಕೈಬಿಡದೆ ಪ್ರತ್ಯೇಕವಾಗಿ ಪಾಠ ಹೇಳಿದರು. ಷೇಕ್ಸ್‌ಪಿಯರ್‌ನ ನಾಟಕಗಳ ರುಚಿ ಹತ್ತಿದ್ದೂ ಆಗಲೇ. ಹದಿಹರೆಯದಲ್ಲಿ ಮೌಂಟ್ ಬಿಷಫ್ ತವರದ ಗಣಿ ಕಂಪನಿಯಲ್ಲಿ ಗುಮಾಸ್ತೆಯಾಗಿ ಹಣ ಕೂಡಿಸಿ, ಇಪ್ಪತ್ತರ ವಯಸ್ಸಿನಲ್ಲಿ ಮೆಲ್ಬರ್ನ್ ನಗರ ಸೇರಿದರು. ನಾಟಕದ ಭಾಗಗಳನ್ನು ಸಭೆಯ ಮುಂದೆ ಒಬ್ಬರೇ ನಿಂತು ವಾಚಿಸುವುದನ್ನು ವೃತ್ತಿಯಾಗಿ ಆರಿಸಿಕೊಂಡರು.

ಆಗ ಧ್ವನಿವರ್ಧಕ ಇರಲಿಲ್ಲ. ಸಭಾಂಗಣದ ಕೊನೆಯ ಸಾಲಿಗೂ ಮಾತು ಕೇಳಿಸಬೇಕಿತ್ತು. ಹೆಸರು ಬರತೊಡಗಿದ ಹೊತ್ತಿನಲ್ಲೇ ಅಲೆಕ್ಸಾಂಡರ್ ಅವರ ಧ್ವನಿ ಒಡೆಯತೊಡಗಿತು. ವೈದ್ಯರು ಗಂಟಲಿಗೆ ಔಷಧ ಕೊಟ್ಟರು. ಒಂದು ಮುಖ್ಯ ಕಾರ್ಯಕ್ರಮಕ್ಕೆ ಮುಂಚೆ ಎರಡು ವಾರ ಆದಷ್ಟು ಕಡಿಮೆ ಮಾತಾಡಲು ಹೇಳಿದರು. ಆ ಸಂಜೆ ಧ್ವನಿ ಚೆನ್ನಾಗಿಯೇ ಇತ್ತು. ಅರ್ಧ ದಾರಿಯಲ್ಲಿ ಮತ್ತೆ ಕಟ್ಟಿತು. ಮುಗಿಯುವ ಹೊತ್ತಿಗೆ ಮಾತೇ ಹೊರಡದಾಯಿತು.

ಮರುದಿನ ಅವರು ವೈದ್ಯರಲ್ಲಿಗೆ ಹೋಗಿ ತಮ್ಮ ತರ್ಕವನ್ನು ಮುಂದಿಟ್ಟರು. ವಾಚನ ಆರಂಭಿಸುವಾಗ ಗಂಟಲು ಸರಿಯಿತ್ತು, ಮುಗಿಸುವಾಗ ಕೆಟ್ಟಿತ್ತು; ಹಾಗಾದರೆ ನಡುವೆ ತಾವೇ ಏನನ್ನೋ ಮಾಡುತ್ತಿರಬೇಕಲ್ಲವೇ ಎಂದು ಕೇಳಿದರು. ವೈದ್ಯರು ಒಪ್ಪಿದರು. ಆದರೆ ಏನು ಮಾಡುತ್ತಿದ್ದಾರೆ ಎಂದು ಹೇಳಲು ಅವರಿಂದ ಆಗಲಿಲ್ಲ. ಅಲೆಕ್ಸಾಂಡರ್ ಮನೆಗೆ ಬಂದು ಕನ್ನಡಿಯ ಮುಂದೆ ನಿಂತರು.

ಸಾಮಾನ್ಯ ಮಾತಿನಲ್ಲಿ ಮೊದಮೊದಲು ಏನೂ ಕಾಣಲಿಲ್ಲ. ವಾಚನಕ್ಕೆ ತೊಡಗಿದಾಗ ಮೂರು ಸಂಗತಿಗಳು ಕಂಡವು: ತಲೆಯನ್ನು ಹಿಂದಕ್ಕೆ ಎಳೆಯುತ್ತಿದ್ದರು, ಧ್ವನಿಪೆಟ್ಟಿಗೆಯನ್ನು ಕೆಳಕ್ಕೆ ಅದುಮುತ್ತಿದ್ದರು, ಬಾಯಿಂದ ಸದ್ದಾಗುವಂತೆ ಉಸಿರೆಳೆದುಕೊಳ್ಳುತ್ತಿದ್ದರು. ಮತ್ತೆ ನೋಡಿದಾಗ ಇವೇ ಮೂರು ದೈನಂದಿನ ಮಾತಿನಲ್ಲೂ ಸಣ್ಣ ಪ್ರಮಾಣದಲ್ಲಿದ್ದವು. ಎದೆ ಮೇಲೇಳುತ್ತಿತ್ತು, ಬೆನ್ನು ಒಳಬಾಗುತ್ತಿತ್ತು, ಕಾಲ್ಬೆರಳು ನೆಲವನ್ನು ಗಟ್ಟಿಯಾಗಿ ಹಿಡಿಯುತ್ತಿದ್ದವು. ಪಾದದಿಂದ ನೆಲ ಹಿಡಿದು ನಿಲ್ಲುವಂತೆ ಹಿಂದೊಮ್ಮೆ ಗುರುಗಳು ಹೇಳಿಕೊಟ್ಟಿದ್ದರು. ಒಳ್ಳೆಯ ಉದ್ದೇಶದ ಆ ಸೂಚನೆ ಶಿಷ್ಯನ ಕಾಲಿನಲ್ಲಿ ಬಿಗಿತವಾಗಿ ಉಳಿದುಕೊಂಡಿತ್ತು.

ಇಲ್ಲಿ ದೇಹರಚನೆಯ ಒಂದು ಮಾತು. ವಯಸ್ಕರ ತಲೆ ಸುಮಾರು 4ರಿಂದ 5 ಕಿಲೋ ತೂಗುತ್ತದೆ. ಬೆನ್ನುಹುರಿಯನ್ನು ಕಾಯುವ ಮೂಳೆಸಾಲಿನ ತುದಿಯಲ್ಲಿ ಅದು ಸಮತೋಲದಿಂದ ನಿಂತಿರುತ್ತದೆ. ಕತ್ತಿನ ಹಿಂಭಾಗದ ಸ್ನಾಯುಗಳನ್ನು ಬಿಗಿದು ತಲೆಯನ್ನು ಹಿಂದಕ್ಕೂ ಕೆಳಕ್ಕೂ ಎಳೆದರೆ ಆ ಒತ್ತಡ ಗಂಟಲು, ಎದೆ, ಬೆನ್ನಿಗೆಲ್ಲ ಹರಡುತ್ತದೆ. ತಲೆ, ಕತ್ತು, ಬೆನ್ನುಗಳ ಈ ಸಂಬಂಧವನ್ನೇ ಅಲೆಕ್ಸಾಂಡರ್ ತಮ್ಮ ಪದ್ಧತಿಯ ತಳಹದಿಯನ್ನಾಗಿ ಮಾಡಿಕೊಂಡರು.

ಕಾರಣ ಗೊತ್ತಾಯಿತು, ಇನ್ನು ತಲೆಯನ್ನು ಮುಂದಕ್ಕೆ ಇಟ್ಟುಕೊಂಡರಾಯಿತು ಎಂದುಕೊಂಡರು. ಹಾಗೇ ಮಾಡುತ್ತಿದ್ದೇನೆ ಎಂಬ ನಂಬಿಕೆಯೂ ಬಂತು. ಅನುಮಾನ ಪರಿಹಾರಕ್ಕೆಂದು ಅಕ್ಕಪಕ್ಕ ಇನ್ನೆರಡು ಕನ್ನಡಿ ಇಟ್ಟು ನೋಡಿದರೆ, ಮಾತಾಡುವ ಗಳಿಗೆಯಲ್ಲಿ ತಲೆ ಮೊದಲಿನಂತೆಯೇ ಹಿಂದಕ್ಕೆ ಹೋಗುತ್ತಿತ್ತು. ಮಾಡುತ್ತಿರುವುದು ಒಂದು, ಮಾಡುತ್ತಿದ್ದೇನೆಂದು ಅನಿಸುವುದು ಇನ್ನೊಂದು. ಇದು ಅವರ ಜೀವನದ ದೊಡ್ಡ ಆಘಾತ. ಅವರ ಕೊಡುಗೆ ಮೊದಲಾಗುವುದೂ ಇಲ್ಲಿಂದಲೇ. ಬಹುಕಾಲದ ರೂಢಿ ದೇಹಕ್ಕೆ ಸರಿಯೆಂದೇ ತೋರುತ್ತದೆ, ನಿಜವಾಗಿ ಸರಿಯಾದದ್ದು ಮೊದಲಿಗೆ ತಪ್ಪೆಂದು ತೋರುತ್ತದೆ ಎಂಬುದನ್ನು ಅವರು ಕಂಡುಕೊಂಡರು.

ಹಾಗಾದರೆ ಬದಲಾವಣೆ ಹೇಗೆ? ವರ್ಷಗಟ್ಟಲೆ ತಾಳ್ಮೆಯ ಬಳಿಕ ಅವರು ಕಂಡ ದಾರಿ, ಪ್ರಚೋದನೆ ಮತ್ತು ಪ್ರತಿಕ್ರಿಯೆಯ ನಡುವೆ ಒಂದು ಬಿಡುವನ್ನು ಇಡುವುದು. ಮಾತಾಡಬೇಕೆಂಬ ಯೋಚನೆ ಬಂದೊಡನೆ ಮಾತಾಡದೆ ನಿಲ್ಲುವುದು. ಕತ್ತು ಸಡಿಲವಾಗಲಿ, ತಲೆ ಮುಂದಕ್ಕೂ ಮೇಲಕ್ಕೂ ಹೋಗಲಿ, ಬೆನ್ನು ನೀಳವಾಗಲಿ ಎಂದು ಮನಸ್ಸಿನಲ್ಲಿ ನಿರ್ದೇಶನ ಕೊಡುವುದು. ಆಮೇಲೆ ಮಾತಾಡುವುದೋ, ಸುಮ್ಮನಿರುವುದೋ, ಬೇರೇನಾದರೂ ಮಾಡುವುದೋ ಎಂದು ಹೊಸದಾಗಿ ತೀರ್ಮಾನಿಸುವುದು. ಫಲಕ್ಕೆ ಅವಸರಪಟ್ಟರೆ ಹಳೆಯ ರೂಢಿಯೇ ಗೆಲ್ಲುತ್ತದೆ, ದಾರಿಯ ಮೇಲೆ ಗಮನವಿಟ್ಟರೆ ಹೊಸದಕ್ಕೆ ಅವಕಾಶ ಸಿಗುತ್ತದೆ. ಕ್ರಮೇಣ ಅವರ ಧ್ವನಿ ಸರಿಹೋಯಿತು, ಬಾಲ್ಯದಿಂದ ಕಾಡಿದ ಉಸಿರಾಟದ ತೊಂದರೆಯೂ ತಗ್ಗಿತು.

ಇತರ ಕಲಾವಿದರು ಕಲಿಯಲು ಬಂದರು, ವೈದ್ಯರು ರೋಗಿಗಳನ್ನು ಕಳುಹಿಸತೊಡಗಿದರು. ಮೆಲ್ಬರ್ನ್‌ನಿಂದ ಸಿಡ್ನಿಗೆ, ಅಲ್ಲಿಂದ 1904ರಲ್ಲಿ ಲಂಡನ್‌ಗೆ ಹೋದರು. ಪಾಠ ಸರಳವಾಗಿತ್ತು: ಕುರ್ಚಿಯಿಂದ ಏಳುವುದು, ಕೂರುವುದು, ನಡೆಯುವುದು. ಬರೀ ಮಾತಿನಲ್ಲಿ ಹೇಳಿದರೆ ಶಿಷ್ಯರು ತಮ್ಮ ಹಳೆಯ ಅನಿಸಿಕೆಯಿಂದಲೇ ಅದನ್ನು ಅರ್ಥಮಾಡಿಕೊಳ್ಳುತ್ತಿದ್ದರು. ಆದ್ದರಿಂದ ಕತ್ತಿಗೂ ಬೆನ್ನಿಗೂ ಹಗುರವಾಗಿ ಕೈಯಿಟ್ಟು ಚಲನೆಯ ಹೊಸ ಅನುಭವವನ್ನು ಕೊಡುತ್ತಿದ್ದರು. ಜಾರ್ಜ್ ಬರ್ನಾರ್ಡ್ ಷಾ, ಆಲ್ಡಸ್ ಹಕ್ಸ್‌ಲಿ ಅವರ ಶಿಷ್ಯರಾದರು.

ನಮಗೆ ಪಠ್ಯಕ್ರಮದಿಂದಲೇ ಪರಿಚಿತರಾದ ಜಾನ್ ಡ್ಯೂಯಿ ಮೊದಲ ಮಹಾಯುದ್ಧದ ಕಾಲದಲ್ಲಿ ನ್ಯೂಯಾರ್ಕ್‌ನಲ್ಲಿ ಅವರ ಬಳಿ ಪಾಠ ಪಡೆದರು. ಅವರ ಮೂರು ಪುಸ್ತಕಗಳಿಗೆ ಪ್ರಸ್ತಾವನೆ ಬರೆದರು. ಸರಳವಾದ ಒಂದು ಚಲನೆಯನ್ನೂ ತಾನು ಹೇಳಿದಂತೆ ಮಾಡಲಾರೆನೆಂದು ತಿಳಿದಾಗ ಒಬ್ಬ ತತ್ತ್ವಶಾಸ್ತ್ರಜ್ಞನಾಗಿ ತಮಗೆ ಎಷ್ಟು ಮುಜುಗರವಾಯಿತೆಂದು ಅವರು ಮುಚ್ಚಿಡದೆ ಹೇಳಿಕೊಂಡಿದ್ದಾರೆ. 1922ರ ಹ್ಯೂಮನ್ ನೇಚರ್ ಅಂಡ್ ಕಾಂಡಕ್ಟ್ ಗ್ರಂಥದಲ್ಲಿ ಅಭ್ಯಾಸಬಲವನ್ನು ವಿವರಿಸಲು ಡ್ಯೂಯಿ ಆರಿಸಿಕೊಂಡ ಉದಾಹರಣೆಯೂ ನೆಟ್ಟಗೆ ನಿಲ್ಲುವುದೇ. ನೆಟ್ಟಗೆ ನಿಲ್ಲು ಎಂದು ಆಜ್ಞಾಪಿಸಿದ ಮಾತ್ರಕ್ಕೆ ಯಾರೂ ನೆಟ್ಟಗೆ ನಿಲ್ಲಲಾರರು. ಬಾಗಿ ನಿಲ್ಲುವ ರೂಢಿ ಇರುವವನು ಇನ್ನೊಂದು ಬಗೆಯಲ್ಲಿ ತಪ್ಪಾಗಿ ನಿಲ್ಲುತ್ತಾನೆ ಎಂಬುದು ಅಲ್ಲಿನ ವಿಚಾರ.

1924ರಲ್ಲಿ ಅಲೆಕ್ಸಾಂಡರ್ ಅವರ ಲಂಡನ್ ನಿವಾಸದಲ್ಲಿ ಐರೀನ್ ಟಾಸ್ಕರ್ ಎಂಬ ಶಿಕ್ಷಕಿ ಮಕ್ಕಳಿಗಾಗಿ ಪುಟ್ಟ ಶಾಲೆಯೊಂದನ್ನು ಆರಂಭಿಸಿದರು. ಅಲ್ಲಿ ಓದುಬರಹದ ಪಾಠಗಳೇ ನಡೆಯುತ್ತಿದ್ದವು. ಆದರೆ ಉತ್ತರ ಬಂತೇ ಎಂಬುದಕ್ಕಿಂತ, ಬರೆಯುವಾಗ ಮತ್ತು ಓದುವಾಗ ಮಗು ತನ್ನನ್ನು ಹೇಗೆ ಬಳಸಿಕೊಳ್ಳುತ್ತಿದೆ ಎಂಬುದಕ್ಕೆ ಮೊದಲ ಸ್ಥಾನವಿತ್ತು. 1931ರಲ್ಲಿ ಮೂರು ವರ್ಷಗಳ ಶಿಕ್ಷಕ ತರಬೇತಿಯೂ ಆರಂಭವಾಯಿತು.

ಅವರ ಬದುಕಿನಲ್ಲಿ ವಿವಾದಗಳಿಗೆ ಕೊರತೆಯಿರಲಿಲ್ಲ. 1944ರಲ್ಲಿ ದಕ್ಷಿಣ ಆಫ್ರಿಕದ ಪತ್ರಿಕೆಯೊಂದು ಅವರ ಪದ್ಧತಿಯನ್ನು ನಕಲಿ ವೈದ್ಯವೆಂದು ಬರೆಯಿತು. ಅಲೆಕ್ಸಾಂಡರ್ ಮಾನನಷ್ಟ ಮೊಕದ್ದಮೆ ಹೂಡಿದರು. 1947ರ ಡಿಸೆಂಬರ್‌ನಲ್ಲಿ ಪಾರ್ಶ್ವವಾಯು ತಗುಲಿತಾದರೂ ಚೇತರಿಸಿಕೊಂಡು ಮತ್ತೆ ಪಾಠಕ್ಕೆ ನಿಂತರು. 1948ರಲ್ಲಿ ಜೊಹಾನ್ಸ್‌ಬರ್ಗ್‌ನ ನ್ಯಾಯಾಲಯ ಅವರ ಪರವಾಗಿ ತೀರ್ಪಿತ್ತು 1000 ಪೌಂಡ್ ಪರಿಹಾರ ಕೊಡಿಸಿತು. 1955ರ ಅಕ್ಟೋಬರ್ 10ರಂದು, 86ನೆಯ ವಯಸ್ಸಿನಲ್ಲಿ ಲಂಡನ್‌ನಲ್ಲಿ ನಿಧನರಾದರು.

ಅವರ ಬರಹವನ್ನೆಲ್ಲ ಕಣ್ಣುಮುಚ್ಚಿ ಒಪ್ಪಬೇಕಿಲ್ಲ. ಮೊದಲ ಪುಸ್ತಕದಲ್ಲಿ ಇತರ ಜನಾಂಗಗಳನ್ನು ಕೀಳಾಗಿ ಕಾಣುವ ಮಾತುಗಳಿವೆ. ಪದ್ಧತಿಯ ಬಗ್ಗೆ ಅವರು ಹೇಳಿಕೊಂಡಿದ್ದರಲ್ಲಿ ಹಲವಕ್ಕೆ ಆಗ ಪುರಾವೆ ಇರಲಿಲ್ಲ. ಅಸ್ತಮಾದಂಥ ಕಾಯಿಲೆಗಳ ವಿಷಯದಲ್ಲಿ ಇಂದಿಗೂ ಸಾಕಷ್ಟು ಪುರಾವೆ ಇಲ್ಲ. ಬೆನ್ನುನೋವಿನ ವಿಷಯ ಬೇರೆ. 2008ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪ್ರಕಟಿಸಿದ, ಬಹುಕಾಲದ ಬೆನ್ನುನೋವಿದ್ದ 579 ಜನರ ಅಧ್ಯಯನದಲ್ಲಿ ಒಂದು ವರ್ಷದ ನಂತರ ಸಾಮಾನ್ಯ ಚಿಕಿತ್ಸೆ ಮಾತ್ರ ಪಡೆದವರಿಗೆ ನಾಲ್ಕು ವಾರಗಳಲ್ಲಿ ನೋವಿನ ದಿನಗಳ ಮಧ್ಯಾಂಕ 21 ಇತ್ತು. ಅಲೆಕ್ಸಾಂಡರ್ ತಂತ್ರದ 24 ಪಾಠ ಪಡೆದವರಿಗೆ ಅದು 3.

ಪ್ರಶಿಕ್ಷಣಾರ್ಥಿಗಳಿಗೆ ಈ ಜೀವನದಿಂದ ಸಿಗುವುದು ಆರೋಗ್ಯದ ಸಲಹೆಯಷ್ಟೇ ಅಲ್ಲ. ಕನ್ನಡದಲ್ಲಿ ಅಭ್ಯಾಸ ಎಂದರೆ ಕಲಿಕೆಗಾಗಿ ಮಾಡುವ ಸಾಧನೆಯೂ ಹೌದು, ಅರಿವಿಲ್ಲದೆ ಅಂಟಿಕೊಂಡ ರೂಢಿಯೂ ಹೌದು. ಗಮನವಿಲ್ಲದೆ ನೂರು ಪಾಠ ಮಾಡಿದರೆ ಮೊದಲನೆಯ ಅಭ್ಯಾಸ ಎರಡನೆಯದಾಗಿ ಗಟ್ಟಿಯಾಗುತ್ತದೆ. ಎಲ್ಲ ಮಕ್ಕಳನ್ನೂ ನೋಡಿ ಪಾಠ ಮಾಡಿದೆನೆಂದು ನಮಗೆ ಅನಿಸುತ್ತದೆ. ವೀಕ್ಷಣಾ ಪಟ್ಟಿಯಲ್ಲಿ ಮೊದಲ ಎರಡು ಬೆಂಚು ಮಾತ್ರ ಎಂದು ಬರೆದಿರುತ್ತದೆ. ಆಗ ವೀಕ್ಷಕರ ಮೇಲೆ ಸಿಟ್ಟು ಬರುವುದು ಸಹಜ. ಪಕ್ಕದ ಕನ್ನಡಿ ತೋರಿಸಿದ್ದನ್ನು ಕಂಡಾಗ ಅಲೆಕ್ಸಾಂಡರ್ ಅವರಿಗೂ ಆಘಾತವಾಗಿತ್ತು. ಅವರು ಕನ್ನಡಿಯನ್ನು ತೆಗೆದಿಡಲಿಲ್ಲ.

ಮಕ್ಕಳ ವಿಷಯಕ್ಕೂ ಇದು ಸಲ್ಲುತ್ತದೆ. ನೆಟ್ಟಗೆ ಕುಳಿತುಕೋ ಎಂದು ಗದರಿದರೆ ಮಗು ಎದೆಯುಬ್ಬಿಸಿ, ಉಸಿರು ಬಿಗಿಹಿಡಿದು ಎರಡು ನಿಮಿಷ ಕೂರುತ್ತದೆ, ಆಮೇಲೆ ಮತ್ತೆ ಕುಸಿಯುತ್ತದೆ. ಬೆಂಚು ಮಗುವಿನ ಎತ್ತರಕ್ಕೆ ತಕ್ಕದ್ದಾಗಿದೆಯೇ, ಪಾದ ನೆಲಕ್ಕೆ ತಾಗುತ್ತದೆಯೇ, ಹಲಗೆ ಕಾಣಲು ಕತ್ತು ಚಾಚಬೇಕಾಗಿದೆಯೇ ಎಂದು ಮೊದಲು ನೋಡುವುದು ಒಳಿತು.

ಮುಂದಿನ ಸೂಕ್ಷ್ಮ ಬೋಧನೆಯ ಸರದಿಯಲ್ಲಿ ಒಂದು ಸಣ್ಣ ಪ್ರಯೋಗ ಮಾಡಬಹುದು. ಸಹಪಾಠಿಯೊಬ್ಬರು ಪಾಠವನ್ನು ಮೊಬೈಲಿನಲ್ಲಿ ಪಕ್ಕದಿಂದ ಚಿತ್ರೀಕರಿಸಲಿ. ಆಮೇಲೆ ಧ್ವನಿಯನ್ನು ಪೂರ್ತಿ ಇಳಿಸಿ ಮೊದಲ ಹತ್ತು ಸೆಕೆಂಡು ಮಾತ್ರ ನೋಡಿ: ಬಾಯಿ ತೆರೆಯುವ ಮುನ್ನ ತಲೆ ಎತ್ತ ಹೋಯಿತು, ಭುಜ ಏರಿತೇ, ಉಸಿರನ್ನು ಹೇಗೆ ಎಳೆದುಕೊಂಡಿರಿ ಎಂದು ಬರೆದಿಡಿ. ಮರುದಿನ ತರಗತಿಯ ಬಾಗಿಲಲ್ಲಿ ಒಂದು ಕ್ಷಣ ನಿಂತು, ಕತ್ತು ಸಡಿಲಬಿಟ್ಟು, ಆಮೇಲೆ ಒಳಗೆ ಹೋಗಿ. ಗಂಟಲು ಕಟ್ಟಿದ್ದು ಮೂರು ವಾರವಾದರೂ ಬಿಡದಿದ್ದರೆ ಮಾತ್ರ ಇಂಥ ಪ್ರಯೋಗಗಳನ್ನು ನಂಬಿ ಕೂರದೆ ಕಿವಿ-ಮೂಗು-ಗಂಟಲು ತಜ್ಞರಿಗೆ ತೋರಿಸಿಕೊಳ್ಳಿ.