ಅರ್ಧ ದಾರಿಗೂ ಬೆಲೆ ಕಟ್ಟಿದ ಹಾರ್ಪರ್

ಅಮೆರಿಕದ ಇಲಿನಾಯ್ ರಾಜ್ಯದ ಒಂದು ಕಾಲೇಜಿನ ದಾಖಲೆ ವಿಭಾಗದಲ್ಲಿ ನನ್ನ ಕೆಲಸ. ಬೇರೆ ಕಡೆ ಒಂದೆರಡು ವರ್ಷ ಓದಿ ನಮ್ಮಲ್ಲಿಗೆ ಬರುವ ವಿದ್ಯಾರ್ಥಿಯ ಯಾವ ಕೋರ್ಸು ನಮ್ಮ ಯಾವ ಕೋರ್ಸಿಗೆ ಸಮ ಅನ್ನೋದನ್ನು ಆನ್‌ಲೈನ್ ವ್ಯವಸ್ಥೆಗೆ ಏರಿಸಬೇಕು. ಪರದೆಯ ಎಡಗಡೆ ಅವರ ಕೋರ್ಸು, ಬಲಗಡೆ ನಮ್ಮದು. ಕೋರ್ಸಿನ ಸಂಖ್ಯೆ, ಕ್ರೆಡಿಟ್, ಕನಿಷ್ಠ ಗ್ರೇಡ್, ಈ ನಿಯಮ ಯಾವಾಗಿನಿಂದ ಯಾವಾಗಿನವರೆಗೆ ಅನ್ವಯ, ಇಷ್ಟನ್ನೂ ಒಂದೊಂದು ಸಾಲಿಗೆ ತುಂಬಬೇಕು. ನೋಡೋಕೆ ಗುಮಾಸ್ತಗಿರಿ. ಆದರೆ ಒಂದು ಸಾಲು ತಪ್ಪಿದರೆ ಯಾರದ್ದೋ ಆರು ತಿಂಗಳು ಹೋಗುತ್ತೆ.

ಒಬ್ಬ ಹುಡುಗಿಯ ವಿಷಯದಲ್ಲಿ ಹಾಗೇ ಆಗೋದರಲ್ಲಿತ್ತು. ಅವಳು ಓದಿದ್ದು ಪಶ್ಚಿಮ ಕರಾವಳಿಯ ಒಂದು ಕಾಲೇಜಿನಲ್ಲಿ. ಅಲ್ಲಿ ಕ್ವಾರ್ಟರ್ ಪದ್ಧತಿ, ನಮ್ಮಲ್ಲಿ ಸೆಮಿಸ್ಟರ್. ಮೂರು ಕ್ವಾರ್ಟರ್ ಕ್ರೆಡಿಟ್ ಅಂದ್ರೆ ಎರಡು ಸೆಮಿಸ್ಟರ್ ಕ್ರೆಡಿಟ್. ಅವಳ ನಾಲ್ಕು ಕ್ರೆಡಿಟ್‌ನ ಸಂಖ್ಯಾಶಾಸ್ತ್ರ ನಮ್ಮ ಲೆಕ್ಕದಲ್ಲಿ 2.67 ಆಯಿತು. ಪದವಿಗೆ ಬೇಕಾದದ್ದು 3. ಪಾಠ ಒಂದೇ, ಪುಸ್ತಕವೂ ಹೆಚ್ಚುಕಡಿಮೆ ಒಂದೇ. ಆದರೂ ವ್ಯವಸ್ಥೆ ಅವಳ ಹೆಸರಿನ ಮುಂದೆ 'ಅಪೂರ್ಣ' ಅಂತ ತೋರಿಸಿತು. ನಿಯಮ ಬರೆಯುವಾಗ ಈ ಸಣ್ಣ ಕೊರತೆಗೆ ರಿಯಾಯಿತಿ ಕೊಡಬೇಕಿತ್ತು. ಕೊಡದೇ ಇದ್ದವನು ನಾನೇ.

ಅದನ್ನು ಸರಿಪಡಿಸಿದ ಮೇಲೆ, ಎರಡು ವರ್ಷ ಒಂದು ಕಡೆ, ಉಳಿದದ್ದು ಇನ್ನೊಂದು ಕಡೆ ಅನ್ನೋ ಈ ಏರ್ಪಾಡು ಶುರುವಾಗಿದ್ದು ಯಾರಿಂದ ಅಂತ ಹುಡುಕಿದೆ. ಸಿಕ್ಕ ಹೆಸರು ವಿಲಿಯಂ ರೇನಿ ಹಾರ್ಪರ್.

ಹಾರ್ಪರ್ ಹುಟ್ಟಿದ್ದು 1856ರಲ್ಲಿ, ಓಹಾಯೋ ರಾಜ್ಯದ ನ್ಯೂ ಕಾನ್‌ಕಾರ್ಡ್ ಅನ್ನೋ ಸಣ್ಣ ಊರಲ್ಲಿ. ಹತ್ತನೇ ವಯಸ್ಸಿಗೆ ಊರಿನ ಮಸ್ಕಿಂಗಮ್ ಕಾಲೇಜು ಸೇರಿ ಹದಿನಾಲ್ಕಕ್ಕೆ ಪದವಿ ಮುಗಿಸಿದರು. ಘಟಿಕೋತ್ಸವದಲ್ಲಿ ಹುಡುಗ ಭಾಷಣ ಮಾಡಿದ್ದು ಹೀಬ್ರೂ ಭಾಷೆಯಲ್ಲಿ. ಆಮೇಲೆ ಯೇಲ್‌ನಲ್ಲಿ ಸಂಸ್ಕೃತ ವಿದ್ವಾಂಸ ವಿಲಿಯಂ ಡ್ವೈಟ್ ವಿಟ್ನಿ ಅವರ ಶಿಷ್ಯರಾದರು. ಲ್ಯಾಟಿನ್, ಗ್ರೀಕ್, ಸಂಸ್ಕೃತ, ಗಾಥಿಕ್ ಭಾಷೆಗಳ ಉಪಸರ್ಗಾವ್ಯಯಗಳನ್ನು ಹೋಲಿಸಿ ಪ್ರಬಂಧ ಬರೆದು 1875ರಲ್ಲಿ ಡಾಕ್ಟರೇಟ್ ಪಡೆದಾಗ ಅವರಿಗಿನ್ನೂ ಹತ್ತೊಂಬತ್ತು ತುಂಬಿರಲಿಲ್ಲ. ಒಂದು ಭಾಷೆಯ ಪದ ಇನ್ನೊಂದರಲ್ಲಿ ಯಾವುದಕ್ಕೆ ಸಮ ಅಂತ ತೂಗಿ ನೋಡೋದು ಅವರ ಮೊದಲ ವಿದ್ಯೆ. ಇದನ್ನು ಓದಿದಾಗ ನನಗೆ ನಗು ಬಂತು. ನಾನು ದಿನವೂ ಮಾಡೋದು ಅದರ ದೂರದ ನೆಂಟನಂಥ ಕೆಲಸವೇ.

ಮೇಷ್ಟರಾಗಿ ಹಾರ್ಪರ್ ತರಗತಿಯ ನಾಲ್ಕು ಗೋಡೆಗಳನ್ನು ನಂಬಿದವರಲ್ಲ. ಶಿಕಾಗೊ ಪಕ್ಕದ ಮಾರ್ಗನ್ ಪಾರ್ಕ್‌ನ ದೇವಶಾಸ್ತ್ರ ಶಾಲೆಯಲ್ಲಿದ್ದಾಗಲೇ ಅಂಚೆಯ ಮೂಲಕ ಹೀಬ್ರೂ ಕಲಿಸಿದರು, ಬೇಸಿಗೆ ಶಾಲೆಗಳನ್ನು ನಡೆಸಿದರು. 1886ರಲ್ಲಿ ಯೇಲ್‌ನಲ್ಲಿ ಪ್ರಾಧ್ಯಾಪಕರಾದರು. ಅಷ್ಟರಲ್ಲಿ ಎಣ್ಣೆ ಉದ್ಯಮಿ ಜಾನ್ ಡಿ. ರಾಕ್‌ಫೆಲರ್ ಶಿಕಾಗೊದಲ್ಲಿ ಹೊಸ ಸಂಸ್ಥೆಗೆ 6 ಲಕ್ಷ ಡಾಲರ್ ಕೊಡಲು ಒಪ್ಪಿದ್ದರು. ದಾನಿಗಳ ಮನಸ್ಸಲ್ಲಿದ್ದದ್ದು ಒಂದು ಒಳ್ಳೆಯ ಕಾಲೇಜು. ಹಾರ್ಪರ್ ಕೇಳಿದ್ದು ಪೂರಾ ವಿಶ್ವವಿದ್ಯಾಲಯ. ಕೊನೆಗೂ ಅವರ ಹಟವೇ ಗೆದ್ದಿತು.

1892ರ ಅಕ್ಟೋಬರ್ 1ರಂದು ಶಿಕಾಗೊ ವಿಶ್ವವಿದ್ಯಾಲಯ ಪಾಠ ಶುರುಮಾಡಿತು. ಅಧ್ಯಕ್ಷರ ವಯಸ್ಸು ಮೂವತ್ತಾರು. ಮೊದಲ ದಿನದಿಂದಲೇ ಹೆಣ್ಣುಮಕ್ಕಳಿಗೂ ಪ್ರವೇಶ. ವರ್ಷವನ್ನು ನಾಲ್ಕು ಕ್ವಾರ್ಟರ್‌ಗಳಾಗಿ ಒಡೆದು ಬೇಸಿಗೆಯಲ್ಲೂ ತರಗತಿ ಇಟ್ಟರು. ದುಡಿದು ಓದುವವರು ಒಂದು ಕ್ವಾರ್ಟರ್ ಬಿಟ್ಟು ಮತ್ತೆ ಬಂದು ಸೇರಿಕೊಳ್ಳಬಹುದಿತ್ತು. ಆ ಹುಡುಗಿಯ 2.67ರ ಮೂಲ ಕೂಡ ಇಲ್ಲೇ ಇದೆ! ಓದು ಸುಲಭವಾಗಲಿ ಅಂತ ಮಾಡಿದ ಭಾಗವೇ ನೂರು ವರ್ಷದ ಮೇಲೆ ಅವಳಿಗೆ ಅಡ್ಡ ಬಂತು.

ಹಾರ್ಪರ್ ಅಲ್ಲಿಗೇ ನಿಲ್ಲಲಿಲ್ಲ. ಪದವಿಯ ನಾಲ್ಕು ವರ್ಷವನ್ನೂ ಎರಡಾಗಿ ಸೀಳಿದರು. ಮೊದಲ ಎರಡು ವರ್ಷ ಜೂನಿಯರ್ ಕಾಲೇಜು, ಮುಂದಿನ ಎರಡು ಸೀನಿಯರ್ ಕಾಲೇಜು. ಮೊದಲ ಭಾಗ ಮುಗಿಸಿದವರಿಗೆ ಅಸೋಸಿಯೇಟ್ ಎಂಬ ಪದವಿ. ಹಣ, ಉಪನ್ಯಾಸಕರು ಸಾಲದೆ ನಾಲ್ಕು ವರ್ಷದ ಭಾರ ಹೊರಲಾಗದ ಸಣ್ಣ ಕಾಲೇಜುಗಳು ಎರಡೇ ವರ್ಷ ಚೆನ್ನಾಗಿ ಕಲಿಸಿ ವಿದ್ಯಾರ್ಥಿಗಳನ್ನು ಮುಂದಕ್ಕೆ ಕಳಿಸಲಿ ಅನ್ನೋದು ಅವರ ವಾದ. 1901ರಲ್ಲಿ ಶಿಕಾಗೊದ ನೈರುತ್ಯಕ್ಕಿರುವ ಜೋಲಿಯೆಟ್‌ನಲ್ಲಿ, ಹೈಸ್ಕೂಲು ಮುಖ್ಯಸ್ಥರೂ ಗೆಳೆಯರೂ ಆಗಿದ್ದ ಜೆ. ಸ್ಟ್ಯಾನ್ಲಿ ಬ್ರೌನ್ ಇದನ್ನು ಕಾರ್ಯಕ್ಕಿಳಿಸಿದರು. ಹೈಸ್ಕೂಲು ಕಟ್ಟಡದಲ್ಲೇ ಆರು ವಿದ್ಯಾರ್ಥಿಗಳಿಂದ ಶುರುವಾದ ಆ ತರಗತಿಗಳು ಇಂದು ಜೋಲಿಯೆಟ್ ಜೂನಿಯರ್ ಕಾಲೇಜು. ಅಮೆರಿಕದಲ್ಲಿ ಈಗಲೂ ನಡೆಯುತ್ತಿರುವ ಅತಿ ಹಳೆಯ ಸಾರ್ವಜನಿಕ ಸಮುದಾಯ ಕಾಲೇಜು ಅದು.

ಹಾರ್ಪರ್ ಅವರನ್ನು ಬಡವರ ಬಂಧು ಅಂತ ಹೊಗಳಿ ಮುಗಿಸೋಕೆ ನನಗೆ ಮನಸ್ಸಿಲ್ಲ. ಮೊದಲೆರಡು ವರ್ಷದ ಪಾಠದ ಹೊರೆ ಬೇರೆಯವರಿಗೆ ಹೋದರೆ ವಿಶ್ವವಿದ್ಯಾಲಯ ಸಂಶೋಧನೆಗೆ ಬಿಡುವಾಗುತ್ತೆ ಅನ್ನೋ ಲೆಕ್ಕ ಅವರಲ್ಲಿತ್ತು. ಮುಂದೆ ಓದಲಾಗದವರು ಎರಡೇ ವರ್ಷಕ್ಕೆ ಮರ್ಯಾದೆಯಿಂದ ನಿಲ್ಲಲಿ ಅನ್ನೋದೂ ಇತ್ತು. ಬಾಗಿಲೂ ಅದೇ, ಜರಡಿಯೂ ಅದೇ. ಯಾವುದು ಆಗುತ್ತೆ ಅನ್ನೋದು ದಾಟಿಸುವವರ ಕೈಯಲ್ಲಿದೆ.

ಖರ್ಚಿಗೆ ಹಾರ್ಪರ್ ಹಿಂದೆಮುಂದೆ ನೋಡಿದವರಲ್ಲ. ಬಜೆಟ್ ಮೀರುತ್ತಿತ್ತು, ರಾಕ್‌ಫೆಲರ್ ಮತ್ತೆ ಮತ್ತೆ ತುಂಬಿಕೊಡುತ್ತಿದ್ದರು. 1905ರಲ್ಲಿ ತಮಗಿರುವುದು ಕ್ಯಾನ್ಸರ್ ಅಂತ ಗೊತ್ತಾದ ಮೇಲೂ ಕೆಲಸ ನಿಲ್ಲಿಸಲಿಲ್ಲ. ಪ್ರವಾದಿಗಳಾದ ಆಮೋಸ್ ಮತ್ತು ಹೋಶೇಯರ ಗ್ರಂಥಗಳಿಗೆ ಬರೆದ ಅವರ ವ್ಯಾಖ್ಯಾನ ಬಂದದ್ದು ಅದೇ ವರ್ಷ. 1906ರ ಜನವರಿ 10ರಂದು ತೀರಿಕೊಂಡಾಗ ವಯಸ್ಸು ನಲವತ್ತೊಂಬತ್ತು.

ಅವರು ಬಿಟ್ಟುಹೋದ ಸೇತುವೆಯಲ್ಲಿ ಇವತ್ತಿಗೂ ತೂತುಗಳಿವೆ. 2004ರಿಂದ 2009ರ ನಡುವೆ ಕಾಲೇಜು ಬದಲಿಸಿದ ಅಮೆರಿಕದ ವಿದ್ಯಾರ್ಥಿಗಳು ಅಂದಾಜು ಶೇ. 43ರಷ್ಟು ಕ್ರೆಡಿಟ್ ಕಳಕೊಂಡರು ಅಂತ ಅಲ್ಲಿನ ಸರ್ಕಾರಿ ಲೆಕ್ಕಪರಿಶೋಧನಾ ಸಂಸ್ಥೆ 2017ರಲ್ಲಿ ಹೇಳಿತು. ಕಳೆದುಹೋದದ್ದು ಬರೀ ಅಂಕಿ ಅಲ್ಲ. ಕಟ್ಟಿದ ಫೀಸು, ರಾತ್ರಿ ಪಾಳಿ ಮುಗಿಸಿ ಕೂತ ತರಗತಿ.

ನಮ್ಮೂರಿನವರಿಗೂ ಈ ಕಥೆ ಬೇಕು. ಭಾರತದಲ್ಲಿ 2021ರಲ್ಲಿ ಯುಜಿಸಿ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ತಂದಿತು. ಕರ್ನಾಟಕ ಅದೇ ವರ್ಷ ನಾಲ್ಕು ವರ್ಷದ ಪದವಿಗೆ ಹೋಗಿ, 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ಬಂತು. ಬ್ಯಾಂಕಿನಲ್ಲಿ ಕ್ರೆಡಿಟ್ ಜಮಾ ಆದರೆ ಸಾಲದು. ಕಲಬುರಗಿಯಲ್ಲಿ ಓದಿದ ಪಾಠ ಮಂಗಳೂರಿನಲ್ಲಿ ಯಾವುದಕ್ಕೆ ಸಮ ಅಂತ ಯಾರಾದರೂ ಕೂತು, ಎರಡೂ ಪಠ್ಯಕ್ರಮ ಓದಿ, ಒಂದೊಂದೇ ಸಾಲು ಬರೆಯಬೇಕು. ಆ ಪಟ್ಟಿ ವಿದ್ಯಾರ್ಥಿ ಫೀಸು ಕಟ್ಟೋ ಮೊದಲೇ ಅವನ ಕಣ್ಣಿಗೆ ಬೀಳಬೇಕು. ಇಲ್ಲಾಂದ್ರೆ ಬ್ಯಾಂಕಿನಲ್ಲಿರೋದು ಚಲಾವಣೆಯಿಲ್ಲದ ನೋಟು.

ಆ ಹುಡುಗಿಯ ದಾಖಲೆ ಈಗ 'ಪೂರ್ಣ' ಅಂತ ತೋರಿಸುತ್ತೆ. ಅವಳಿಗಾಗಿ ಬದಲಿಸಿದ ಆ ಒಂದು ಸಾಲಿನಲ್ಲಿ, ಅದೇ ಕಾಲೇಜಿನಿಂದ ಮುಂದೆ ಬರುವವರೂ ದಾಟುತ್ತಾರೆ.